ಐದು ಗುಂಡಿಯ ಕೋಟು

ನಮ್ಮೂರಿನ ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಹೋಗಿ ಅರ್ಧ ಉಳಿದ ಗಂಡಸರು ಕೆನ್ನೆಯ ಮೇಲೆ ಸೋಪಿನ ನೊರೆ ಒಣಗಿಸಿಕೊಂಡು ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತಿದ್ದರು. ಪರವೂರಿನವರಿಗೆ ಅದು ತಮಾಷೆ, ನಮಗೆ ಮರ್ಯಾದೆ. ಕುರ್ಚಿಯಲ್ಲಿ ಹವಾಲ್ದಾರರ ಮನೆಯವನು ಕೂತಿರುವಾಗ ಬಾಗಿಲಲ್ಲಿ ಜಮಾದಾರರ ಮನೆಯವರ ನೆರಳು ಬಿದ್ದರೆ ಸಾಕು, ಅವನು ಎದ್ದು ಜಾಗ ಬಿಡಬೇಕು. ಜಮಾದಾರರ ಮನೆಯವರ ಕಿವಿಯ ಹಿಂದೆ ಕತ್ತರಿ ಆಡುತ್ತಿರುವಾಗ ಸುಬೇದಾರರ ಮನೆಯವರು ಬಂದರೆ ಅವರೂ ಏಳಬೇಕು. ಇವರ್‍ಯಾರೂ ಬಂದೂಕು ಹಿಡಿದವರಲ್ಲ. ಇವರ ನಡುಮನೆಯ ಗೋಡೆಯ ಮೇಲೆ ಮಿಲಿಟರಿ ಕೋಟು ಹಾಕಿಕೊಂಡು ಫೋಟೋದಲ್ಲಿ ನಿಂತಿರುವ ಅಜ್ಜನೋ ಮುತ್ತಜ್ಜನೋ ಒಬ್ಬರಿದ್ದಾರಲ್ಲ, ಪದವಿ ಅವರದು. ಅಜ್ಜನ ತೋಳಿನ ಮೇಲೆ ಎಷ್ಟು ಪಟ್ಟಿ, ಹೆಗಲ ಮೇಲೆ ಎಷ್ಟು ಸ್ಟಾರು ಎನ್ನುವುದರ ಮೇಲೆ ಮೊಮ್ಮಗನ ಸರದಿ. ಇಬ್ಬರು ಅಜ್ಜಂದಿರೂ ಒಂದೇ ಪದವಿಯವರಾದರೆ ಯಾರ ಫೋಟೋ ಹಳೆಯದೋ ಅವರು ಮುಂದೆ. ರೇಷನ್ ಅಂಗಡಿ, ಮದುವೆಯ ಪಂಕ್ತಿ, ಬಸ್ಸಿನ ಕಿಟಕಿ ಸೀಟು, ಕೊನೆಗೆ ಸ್ಮಶಾನದಲ್ಲಿ ಒಣ ಕಟ್ಟಿಗೆ, ಎಲ್ಲದಕ್ಕೂ ಇದೇ ಲೆಕ್ಕ.

ಗೋಡೆಯ ಮೇಲೆ ಇಂಥ ಫೋಟೋ ಇಲ್ಲದವರೆಲ್ಲ ಕೆರೆಯ ಏರಿಯ ಕೆಳಗೆ ಒಂದೇ ಬೀದಿಯಲ್ಲಿದ್ದೇವೆ. ಅದಕ್ಕೆ ಬರಿಗೋಡೆ ಬೀದಿ ಎಂದು ಹೆಸರು. ನಾನು ನಾಗವೇಣಿ, ಆ ಬೀದಿಯಲ್ಲೇ ಹುಟ್ಟಿ ಆ ಬೀದಿಗೇ ಸೊಸೆಯಾದವಳು. ಮದುವೆಮನೆಯಲ್ಲಿ ಪಾಯಸ ಬಡಿಸುವುದನ್ನು ನಾನು ಕಂಡಿಲ್ಲ, ಪಾಯಸದ ಪಾತ್ರೆ ತೊಳೆಯುವುದನ್ನು ಮಾತ್ರ ಕಂಡಿದ್ದೇನೆ. ಇದರಲ್ಲಿ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನಾನು ಹೇಳಹೊರಟಿರುವುದು ನನ್ನ ಕಥೆಯಲ್ಲ, ಪಕ್ಕದ ಮನೆಯ ಸೀಬಯ್ಯನವರದು. ಅವರ ಮನಸ್ಸಿನಲ್ಲಿ ಏನು ನಡೆಯಿತು ಎಂಬುದು ನಿನಗೆ ಹೇಗೆ ಗೊತ್ತು ಎಂದು ಕೇಳಬೇಡಿ. ಅರ್ಧ ಅವರೇ ಆಮೇಲೆ ಹೇಳಿದ್ದು. ಉಳಿದರ್ಧ, ನಮ್ಮಿಬ್ಬರ ಮನೆಗೆ ಇರುವುದು ಒಂದೇ ಗೋಡೆ, ಅದೂ ತೆಳ್ಳಗಿದೆ.

ಸೀಬಯ್ಯ ಊರಿನ ತಾರೀಕುದಾರರು. ಯಾವ ಮನೆಯ ಫೋಟೋ ಯಾವ ವರ್ಷದ್ದು ಎಂದು ಹೇಳುವ ಅಧಿಕಾರ ಅವರೊಬ್ಬರದೇ. ಈ ಕೆಲಸ ಬರಿಗೋಡೆ ಬೀದಿಯವರಿಗೆ ಮಾತ್ರ ಕೊಡಬೇಕೆಂಬುದು ಊರಿನ ಕಟ್ಟಳೆ, ಏಕೆಂದರೆ ಫೋಟೋ ಇದ್ದವನು ತನ್ನ ಅಜ್ಜನನ್ನು ಮೊದಲು ಮಾಡಿಕೊಳ್ಳುತ್ತಾನೆ. ಹಾಗಾಗಿ ಇಡೀ ಊರಿನ ಸಾಲು ಕಟ್ಟುವ ಮನುಷ್ಯ ಎಲ್ಲ ಸಾಲಿನಲ್ಲೂ ಕಟ್ಟಕಡೆಯಲ್ಲಿ ನಿಲ್ಲುತ್ತಿದ್ದ. ಅವರ ತಂದೆಯೂ ಹಾಗೇ ನಿಂತು ನಿಂತು ಸತ್ತರು. ಆದರೆ ಸೀಬಯ್ಯ ಅದನ್ನು ಅವಮಾನ ಎಂದುಕೊಂಡವರಲ್ಲ. ಬಿಳಿ ಅಂಗಿ ತೊಟ್ಟು, ಕೊರಳಲ್ಲಿ ಕಪ್ಪು ದಾರಕ್ಕೆ ಭೂತಗನ್ನಡಿ ತೂಗಿಹಾಕಿಕೊಂಡು ದೊಡ್ಡಬೀದಿಯಲ್ಲಿ ನಡೆದರೆ ಸುಬೇದಾರರ ಮನೆಯವರೂ ಜಗಲಿಯಿಂದ ಅರ್ಧ ಎದ್ದು ಕೂರುತ್ತಿದ್ದರು. ಆ ಅರ್ಧ ಏಳುವಿಕೆಯೇ ಅವರ ಆಸ್ತಿ.

ಕಟ್ಟಳೆಗಳು ಇನ್ನೂ ಇದ್ದವು. ಗೋಡೆ ಬಿಟ್ಟ ಫೋಟೋಗೆ ಪದವಿಯಿಲ್ಲ, ಆದ್ದರಿಂದ ತಾರೀಕುದಾರನೇ ಮನೆಮನೆಗೆ ಹೋಗಿ ನೋಡಬೇಕು. ನೋಡಿ ವರ್ಷ ಹೇಳಬಹುದು, ಕಾರಣ ಹೇಳಬಾರದು. ಒಂದು ಮನೆಯ ಫೋಟೋದಲ್ಲಿ ಕಂಡದ್ದನ್ನು ಇನ್ನೊಂದು ಮನೆಯಲ್ಲಿ ಬಾಯಿಬಿಡಬಾರದು, ಹೆಂಡತಿಯ ಹತ್ತಿರವೂ ಆಡಬಾರದು. ಹಾಗಾಗಿ ಎಲ್ಲ ಮನೆಗಳ ಫೋಟೋ ನೋಡಿದವರು ಊರಿನಲ್ಲಿ ಸೀಬಯ್ಯ ಒಬ್ಬರೇ, ಅವರ ವಿದ್ಯೆಯೆಲ್ಲ ಅವರ ತಲೆಯೊಳಗೇ. ಎಂಥ ವಿದ್ಯೆ ಅಂತೀರಿ! ಎಲ್ಲ ಅಜ್ಜಂದಿರ ಕೋಟಿನಲ್ಲೂ ಎಡಜೇಬಿನ ಕೆಳಗೆ ಒಂದು ಹರಕಿತ್ತು. ಪ್ರತಿ ಮನೆಯವರೂ ಅದು ತಮ್ಮ ಅಜ್ಜನಿಗೊಬ್ಬನಿಗೇ ಬಿದ್ದ ಗುಂಡೇಟು ಎಂದುಕೊಂಡು ಗುಟ್ಟಾಗಿ ಹೆಮ್ಮೆಪಡುತ್ತಿದ್ದರು. ಸೀಬಯ್ಯ ಮಾತ್ರ ಇದು ಒಂದೇ ತುಕಡಿಯವರು ಒಂದೇ ಕಾಳಗದಲ್ಲಿ ಒಂದೇ ಕಡೆಯಿಂದ ತಿಂದ ಏಟು ಎಂದು ತೀರ್ಮಾನಿಸಿದ್ದರು. ಕೆಲವು ಕೋಟಿಗೆ ಐದು ಗುಂಡಿ, ಕೆಲವಕ್ಕೆ ನಾಲ್ಕು, ಕೆಲವಕ್ಕೆ ಮೂರು. ಯುದ್ಧ ಮುಂದುವರಿದ ಹಾಗೆ ಸರ್ಕಾರದ ಹತ್ತಿರ ಹಿತ್ತಾಳೆ ಮುಗಿಯಿತು ಎಂದು ಲೆಕ್ಕ ಹಾಕಿ ಐದು ಗುಂಡಿ ಕಾಲ, ನಾಲ್ಕು ಗುಂಡಿ ಕಾಲ, ಮೂರು ಗುಂಡಿ ಕಾಲ ಎಂದು ವಿಂಗಡಿಸಿದ್ದರು. ಯಾವ ಅಜ್ಜನಿಗೂ ಸೊಂಟದ ಕೆಳಗೆ ಫೋಟೋ ಇರಲಿಲ್ಲ. ಕಂದಕದೊಳಗೆ ನಿಂತವರಿಗೆ ಕಾಲು ಹೇಗೆ ಕಾಣುತ್ತದೆ? ಎಲ್ಲರೂ ಕಣ್ಣು ಹೊರಗೆ ಬರುವಂತೆ ಉಸಿರು ಬಿಗಿಹಿಡಿದು ನಿಂತಿದ್ದರು. ಅದು ಶೌರ್ಯ.

ಇನ್ನು ಅವರ ಹೆಂಡತಿ ಕೆಂಚಕ್ಕ. ಹೊಳೆಯಾಚೆಯ ಊರಿನಿಂದ ಮದುವೆಯಾಗಿ ಬಂದವಳು. ಅವಳ ಎರಡು ಕಣ್ಣಿಗೂ ಪೊರೆ ಬೆಳೆದು ವರ್ಷಗಳೇ ಆಗಿದ್ದವು. ಮೊದಮೊದಲು ಅಕ್ಕಿಯಲ್ಲಿ ಕಲ್ಲು ಕಾಣುತ್ತಿರಲಿಲ್ಲ, ಆಮೇಲೆ ಅಕ್ಕಿಯೇ ಕಾಣದಾಯಿತು. ಈಗ ಬಾಗಿಲಲ್ಲಿ ಯಾರಾದರೂ ನಿಂತರೆ ಬೆಳಕಿಗೆ ಏನೋ ಅಡ್ಡ ಬಂತು ಎಂದಷ್ಟೇ ತಿಳಿಯುತ್ತಿತ್ತು. ವರ್ಷಕ್ಕೊಂದು ದಿನ ಪಟ್ಟಣದಿಂದ ಕಣ್ಣಿನ ಡಾಕ್ಟರು ಬಂದು ಶಾಲೆಯಲ್ಲಿ ಕೂತು ಕತ್ತಲಾಗುವವರೆಗೆ ಪೊರೆ ತೆಗೆಯುತ್ತಾರೆ. ಅಲ್ಲಿಯೂ ಅಜ್ಜಂದಿರ ಸರದಿಯೇ. ಸುಬೇದಾರರ ಮನೆಯವರು ಪೊರೆ ಇರಲಿ ಬಿಡಲಿ, ತಮ್ಮ ಹಕ್ಕು ಬಿಟ್ಟಂತಾಗಬಾರದೆಂದು ಮನೆಮಂದಿಯೆಲ್ಲ ಹೋಗಿ ಕಣ್ಣಿಗೆ ಟಾರ್ಚು ಬಿಡಿಸಿಕೊಂಡು ಬರುತ್ತಿದ್ದರು. ಒಂದೇ ಪಟ್ಟಿಯ ಲ್ಯಾನ್ಸ್ ನಾಯಕರ ಮನೆಯವರೆಗೆ ಬರುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಕೆಂಚಕ್ಕ ಪ್ರತಿ ವರ್ಷ ಮಡಿ ಸೀರೆ ಉಟ್ಟು ನನ್ನ ಕೈ ಹಿಡಿದು ಹೋಗುತ್ತಿದ್ದಳು, ಪ್ರತಿ ವರ್ಷ ಅದೇ ಕಣ್ಣು ಹೊತ್ತುಕೊಂಡು ಬರುತ್ತಿದ್ದಳು. ಕಳೆದ ಸಲ ಕಾಂಪೌಂಡರು ಸಾಮಾನು ಕಟ್ಟುತ್ತಾ ಹತ್ತಿರದಿಂದ ನೋಡಿ, "ಏನಮ್ಮಾ ಇದು, ಇಷ್ಟು ಗಟ್ಟಿಯಾಗೋಗೈತೆ. ಮುಂದಿನ್ ಸಲ ತೆಗಿಸ್ಲಿಲ್ಲ ಅಂದ್ರೆ ಆಮೇಲೆ ತೆಗ್ದೂ ಉಪಯೋಗ ಇಲ್ಲ" ಎಂದಿದ್ದ. ಆ ಮಾತು ಸೀಬಯ್ಯನವರ ಎದೆಯಲ್ಲಿ ವರ್ಷಪೂರ್ತಿ ಮುಳ್ಳಾಗಿತ್ತು. ಯಾವ ಮನೆಯ ಫೋಟೋ ನೋಡಲು ಹೋದರೂ ಅವರಿಗೆ ನೆನಪಾಗುತ್ತಿದ್ದದ್ದು ಹೆಂಡತಿಯ ಕಣ್ಣು.

ಆ ಸಲದ ಕಣ್ಣಿನ ಕ್ಯಾಂಪು ಹತ್ತಿರ ಬಂದಾಗ ಊರಿನಲ್ಲಿ ಹಿಂದೆಂದೂ ಆಗದ ಒಂದು ತಕರಾರು ಎದ್ದಿತು. ಊರಿನ ಮೊದಲನೆಯ ಮನೆ ಎಣ್ಣೆಗಾಣದ ಪಂಚಾಕ್ಷರಪ್ಪನವರದು. ಎರಡನೆಯದು ಜವಳಿ ಅಂಗಡಿಯ ಬೋರಲಿಂಗಯ್ಯನವರದು. ಇಬ್ಬರ ಅಜ್ಜಂದಿರೂ ಸುಬೇದಾರರೇ. ಹುಟ್ಟಿದಾಗಿನಿಂದ ಎರಡನೆಯವರಾಗಿದ್ದ ಬೋರಲಿಂಗಯ್ಯನವರಿಗೆ ಅದು ಸಾಕಾಗಿ, ತಮ್ಮ ಫೋಟೋವನ್ನು ಮತ್ತೊಮ್ಮೆ ನೋಡಿ ಎಂದು ಸೀಬಯ್ಯನವರನ್ನು ಕರೆಸಿದರು. ಸೀಬಯ್ಯ ನೋಡಿ, ಪ್ರಾಮಾಣಿಕವಾಗಿ, ಒಂದು ವರ್ಷ ಹಿಂದಕ್ಕೆ ಹಾಕಿದರು. ಅದು ಪಂಚಾಕ್ಷರಪ್ಪನವರ ಫೋಟೋಗೆ ಸೀಬಯ್ಯನವರ ತಂದೆ ಹಾಕಿದ್ದ ವರ್ಷವೇ ಆಗಿಬಿಟ್ಟಿತು. ಪದವಿಯೂ ಒಂದೇ, ವರ್ಷವೂ ಒಂದೇ. ಡಾಕ್ಟರ ಮುಂದೆ ಮೊದಲು ಕೂರುವವರು ಯಾರು? ಪಂಚಾಕ್ಷರಪ್ಪನವರ ಕಣ್ಣಿಗೆ ಏನೋ ಸ್ವಲ್ಪ ಉರಿ. ಬೋರಲಿಂಗಯ್ಯನವರಿಗೆ ಅದೂ ಇಲ್ಲ. ಇಬ್ಬರೂ ಬಿಟ್ಟುಕೊಡಲಿಲ್ಲ.

ಎರಡು ಫೋಟೋಗಳನ್ನೂ ಚಾವಡಿಗೆ ತಂದು ಪಕ್ಕಪಕ್ಕ ಇಟ್ಟು ನೋಡಬೇಕೆಂದು ಊರು ತೀರ್ಮಾನಿಸಿತು. ಆದರೆ ಗೋಡೆ ಬಿಟ್ಟ ಫೋಟೋಗೆ ಪದವಿಯಿಲ್ಲವಲ್ಲ! ಅದಕ್ಕೆ ಗೋಡೆಯನ್ನೇ ತಂದರು. ಗಾರೆ ಕೆಲಸದವರು ಫೋಟೋದ ಸುತ್ತ ಬಾಗಿಲಗಲ ಗೋಡೆ ಕೊರೆದು, ಮೊಳೆ, ಹಾರ, ಹಲ್ಲಿಗೂಡು ಸಮೇತ ಎತ್ತಿನ ಗಾಡಿಯಲ್ಲಿ ನಿಲ್ಲಿಸಿ, ಮುಂದೆ ವಾಲಗದೊಂದಿಗೆ ಮೆರವಣಿಗೆ ಮಾಡಿದರು. ಅತ್ತ ಎರಡು ಮನೆಗಳ ನಡುಮನೆಯೂ ಬೀದಿಗೆ ತೆರೆದುಕೊಂಡಿತು. ಪಂಚಾಕ್ಷರಪ್ಪನವರು ಊಟಕ್ಕೆ ಕೂತರೆ ಹೋಗಿಬರುವವರು ನಿಂತು ಇವತ್ತೇನು ಸಾರು ಎಂದು ನೋಡುತ್ತಿದ್ದರು. ಅವರ ಹೆಂಡತಿ ಆ ತೂತಿಗೆ ಒಂದು ಹಳೆ ಸೀರೆ ಇಳಿಬಿಟ್ಟು, ಇಂಥ ಗಂಡನ ಜೊತೆ ಇಷ್ಟು ವರ್ಷ ಬಾಳಿದ್ದಕ್ಕೆ ತನಗೊಂದು ಸ್ಟಾರು ಕೊಡಬೇಕು ಎಂದಳಂತೆ.

ಕ್ಯಾಂಪಿನ ಹಿಂದಿನ ದಿನ ಮಧ್ಯಾಹ್ನ ಸೀಬಯ್ಯ ಚಾವಡಿಯಲ್ಲಿ ಎರಡು ಗೋಡೆಗಳ ನಡುವೆ ಒಬ್ಬರೇ ನಿಂತು ಭೂತಗನ್ನಡಿ ಎತ್ತಿದರು. ನಡುಮನೆಯ ಮಬ್ಬಿನಲ್ಲಿ ಒಂದೊಂದಾಗಿ ನೋಡಿದ್ದ ಫೋಟೋಗಳನ್ನು ಹಗಲ ಬೆಳಕಿನಲ್ಲಿ ಜೊತೆಯಾಗಿ ನೋಡಿದ್ದು ಅದೇ ಮೊದಲು. ಎಡಜೇಬಿನ ಕೆಳಗಿನ ಹರಕಿಗೆ ಕಾಗೆಯ ಕಾಲಿನಂತೆ ಮೂರು ಕವಲಿನ ಹೊಲಿಗೆ. ಅದು ಅವರಿಗೆ ಗೊತ್ತಿದ್ದದ್ದೇ, ಪಲ್ಟಣಿನ ದರ್ಜಿಯ ಕೈಕೆಲಸ ಎಂದುಕೊಂಡಿದ್ದರು. ಈಗ ನೋಡಿದರೆ ಹೊಲಿಗೆಯ ಕೊನೆಯಲ್ಲಿ ಕತ್ತರಿಸದೆ ಬಿಟ್ಟ ದಾರದ ತುದಿ ಒಂದೇ ಉದ್ದಕ್ಕೆ, ಒಂದೇ ಕಡೆಗೆ ಜೋತುಬಿದ್ದಿದೆ. ದರ್ಜಿ ಒಬ್ಬನೇ ಇರಬಹುದು, ದಾರ ಕೂಡ ಹೇಳಿಕೊಟ್ಟಂತೆ ಜೋತುಬೀಳುತ್ತದೆಯೇ?

ಮನೆಗೆ ಬಂದಾಗ ಕೆಂಚಕ್ಕ ಹಿತ್ತಲ ಬಾಗಿಲಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಕಣ್ಣು ಬೇಡದ ಕೆಲಸಗಳನ್ನೆಲ್ಲ ಅವಳೇ ಮಾಡುತ್ತಿದ್ದಳು. ಸೀಬಯ್ಯ ಎದುರಿಗೆ ಕೂತು ತಾವೂ ನಾಲ್ಕು ಕಾಳು ಹಿತುಕಿದರು. ಆಮೇಲೆ ಅಷ್ಟು ವರ್ಷ ಕಾಯ್ದುಕೊಂಡು ಬಂದ ಕಟ್ಟಳೆಯನ್ನು ಮುರಿದರು.

"ಕೆಂಚಿ, ಒಂದ್ ವಿಷ್ಯ ಹೇಳ್ತೀನಿ, ಯಾರ ಹತ್ರಾನೂ ಆಡ್ಬಾರ್ದು."

"ನಾನ್ಯಾರತ್ರ ಆಡ್ಲಿ. ಎದುರ್ಗೆ ಯಾರವ್ರೆ ಅಂತ್ಲೇ ಕಾಣಲ್ಲ, ಹೇಳಿ."

"ಎರಡು ಫೋಟೋದಾಗೂ ಕೋಟಿನ ಎಡಜೇಬಿನ ಕೆಳಗೆ ಒಂದು ಹರಕೈತೆ. ಕಾಗೆ ಕಾಲಿನಂಗೆ ಹೊಲ್ದವ್ರೆ. ದಾರದ ತುದೀನೂ ಒಂದೇ ತರ ಜೋತಾಡ್ತೈತೆ."

ಕೆಂಚಕ್ಕನ ಕೈ ನಿಂತಿತು. "ಮೇಲಿಂದ ಎರಡ್ನೇ ಗುಂಡಿ ಮಿಕ್ಕಿದ್ರ ತರ ಇಲ್ಲ ಅಲ್ವ? ಒಸಿ ಸಣ್ದು?"

ಸೀಬಯ್ಯ ಬೆಚ್ಚಿಬಿದ್ದರು. ಆ ಗುಂಡಿಯನ್ನು ಅವರು ವಿಶೇಷ ಸೇವೆಗಾಗಿ ಕೊಟ್ಟ ಗುಂಡಿ ಎಂದು ಮನಸ್ಸಿನಲ್ಲೇ ಹೆಸರಿಟ್ಟು ಕಾಪಾಡಿಕೊಂಡಿದ್ದರು. "ನಿಂಗೆಂಗೆ ಗೊತ್ತು?"

"ಅದು ನಮ್ಮಜ್ಜಿ ರವಿಕೆ ಗುಂಡಿ ಕಣ್ರೀ. ಮೂಲದ ಗುಂಡಿ ಕಿತ್ತೋಗಿತ್ತು, ಇದನ್ನ ಹಾಕಿದ್ರಂತೆ. ನಮ್ ತಾತ ಫೋಟೋ ತೆಗೀತಿದ್ರು ಅಂತ ಹೇಳಿರ್ಲಿಲ್ವಾ? ಗಿರಾಕಿಗಳಿಗೆ ಹಾಕ್ಕೊಳಕ್ಕೆ ಅಂತ ಒಂದು ಹಳೇ ಮಿಲಿಟ್ರಿ ಕೋಟು ಮಡಗಿದ್ರು. ಷರಾಯಿ ಇರ್ಲಿಲ್ಲ, ಬರೀ ಕೋಟು. ಪಟ್ಟಿ, ಸ್ಟಾರು ಎಲ್ಲ ಬೇರೆ ಇದ್ವು, ಪಿನ್ನು ಹಾಕಿ ಸಿಗಿಸೋರು. ಸೇರು ರಾಗಿ ಕೊಟ್ರೆ ಒಂದು ಪಟ್ಟಿ. ಸ್ಟಾರು ಬೇಕು ಅಂದ್ರೆ ತುಪ್ಪ ಕೊಡ್ಬೇಕಿತ್ತಂತೆ."

"ಆ ಹರಕು?"

"ಇಲಿ ಕಡ್ದಿದ್ದು. ಅಜ್ಜಿ ಹೊಲ್ದಿದ್ರು."

"ಗುಂಡೇಟಲ್ವಾ?"

"ಇಲಿ ಕಣ್ರೀ."

ಸೀಬಯ್ಯ ಕೈಯಲ್ಲಿದ್ದ ಕಾಳನ್ನು ಸಿಪ್ಪೆಯ ಗುಡ್ಡೆಗೆ ಹಾಕಿದರು. ಆಮೇಲೆ ಕೋಟು ಈಗ ಎಲ್ಲಿದೆ ಎಂದು ಕೇಳಿದರು. "ನಾನ್ ಸಣ್ಣೋಳಿದ್ದಾಗ ಎಮ್ಮೆ ಈದಿತ್ತು, ಚಳಿ ಅಂತ ಕರೂಗೆ ಹೊದಿಸಿದ್ರು. ತಾಯಿ ಎಮ್ಮೆ ತಿಂದ್ಬಿಡ್ತು" ಎಂದಳು ಕೆಂಚಕ್ಕ. ಅವಳಿಗೆ ನಗು ತಡೆಯಲಾಗಲಿಲ್ಲ. ಗೋಡೆಯ ಈಚೆ ನಾನೂ ಬಾಯಿಗೆ ಸೆರಗು ಒತ್ತಿಕೊಂಡೆ. ನಗು ಮುಗಿದ ಮೇಲೆ ಗಂಡ ಅಳುತ್ತಿದ್ದಾನೆಂದು ಅವಳಿಗೆ ಗೊತ್ತಾಯಿತು. ಅವರ ಐದು ಗುಂಡಿ ಕಾಲ, ನಾಲ್ಕು ಗುಂಡಿ ಕಾಲ, ಕಾಳಗ, ಕಂದಕ ಎಲ್ಲವೂ ಒಂದು ಇಲಿಯ ಪಾಲಾಗಿತ್ತು. ಕೆಂಚಕ್ಕ ಒದ್ದೆ ಕೈಯಲ್ಲೇ ತಡಕಾಡಿ ಅವರ ಮೊಣಕೈ ಹಿಡಿದುಕೊಂಡಳು.

ಆದರೆ ಸೀಬಯ್ಯ ಅಳುತ್ತಲೇ ಇನ್ನೊಂದು ಯೋಚನೆ ಮಾಡಿದರು. ಯಾರ ಅಜ್ಜನೂ ಸುಬೇದಾರನಲ್ಲ, ಹವಾಲ್ದಾರನಲ್ಲ ಎಂದಾದರೆ ಸರದಿ ಎಲ್ಲಿಯದು? ನಾಳೆ ಊರಿನ ಮುಂದೆ ನಿಜ ಹೇಳಿಬಿಟ್ಟರೆ ಸಾಲು ಮುರಿದುಬೀಳುತ್ತದೆ, ಸಾಲು ಮುರಿದರೆ ಮೊದಲು ಹೋದವರಿಗೆ ಮೊದಲು ಚಿಕಿತ್ಸೆ. ತಮ್ಮ ಮಾನ ಹೋದರೆ ಹೋಗಲಿ, ಇವಳ ಕಣ್ಣು ಬರುತ್ತದೆ. ಹೀಗೆಂದು ಗಟ್ಟಿಮನಸ್ಸು ಮಾಡಿ ಮಾರನೆಯ ಬೆಳಿಗ್ಗೆ ಚಾವಡಿಗೆ ಹೋದರು.

ಊರೆಲ್ಲ ಅಲ್ಲಿತ್ತು. ಸುಬೇದಾರರ ಮನೆಯವರು ಮುಂದೆ, ಹಿಂದೆ ಜಮಾದಾರರು, ಅವರ ಹಿಂದೆ ಹವಾಲ್ದಾರರು, ನಾಯಕರು. ಬರಿಗೋಡೆ ಬೀದಿಯವರು ಎಂದಿನಂತೆ ಬಾಗಿಲಾಚೆ. ಸೀಬಯ್ಯ ಎರಡು ಗೋಡೆಗಳ ನಡುವೆ ನಿಂತು ಎಲ್ಲವನ್ನೂ ಹೇಳಿದರು. ಕೋಟು ಒಂದೇ. ಅದು ಹೊಳೆಯಾಚೆಯ ಫೋಟೋ ಅಂಗಡಿಯದು. ಪಟ್ಟಿ ಪಿನ್ನಿನದು, ಹರಕು ಇಲಿಯದು. ಹೇಳುವಾಗ ಒಮ್ಮೆ ನಿಂತು ನೀರು ಕೇಳಿದರು, ಯಾರೂ ಕೊಡಲಿಲ್ಲ. ಹೇಳಿ ಮುಗಿಸಿದಾಗ ಚಾವಡಿಯಲ್ಲಿ ಹಲ್ಲಿ ಲೊಚಗುಟ್ಟಿದ್ದೂ ಕೇಳಿಸಿತು. ಹವಾಲ್ದಾರರ ಮನೆಯ ಮುದುಕರೊಬ್ಬರು ಬಿಕ್ಕಿದರು. ಬೋರಲಿಂಗಯ್ಯ ಎದ್ದು ಹೋಗಿ ಒಂದು ಗೋಡೆ ನೋಡಿದರು, ಇನ್ನೊಂದು ಗೋಡೆ ನೋಡಿದರು, ಮೂಗು ಫೋಟೋಗೆ ತಗಲುವಂತೆ ನಿಂತರು. ತಲೆ ತಗ್ಗಿಸಿಕೊಂಡು ವಾಪಸು ಬಂದು ಕೂತರು. ಈಗ ಮುರಿದುಬೀಳುತ್ತದೆ ಎಂದು ಸೀಬಯ್ಯ ಕಾದರು.

ಪಂಚಾಕ್ಷರಪ್ಪ ಗಂಟಲು ಸರಿಮಾಡಿಕೊಂಡರು. ಎಣ್ಣೆ ತೆಗೆದು ಪಳಗಿದ ಮನುಷ್ಯ, ಹಿಂಡಿಯಲ್ಲೂ ಬೆಲೆ ಕಾಣುವವರು.

"ಸೀಬಯ್ಯ, ನೀವೇಳಿದ್ದು ಒಪ್ಪೋ ಮಾತೇ. ಕೋಟು ಒಂದೇ. ಒಂದೇ ಕೋಟು ಅಂದ್ಮೇಲೆ ಒಬ್ರು ಮೊದ್ಲು ಹಾಕ್ಕೊಂಡಿರ್ಬೇಕು. ಇನ್ನೊಬ್ರು ಅವರ ಬೆವರಿನ ಮೇಲೆ ಹಾಕ್ಕೊಂಡಿರ್ಬೇಕು. ನಮ್ಮಜ್ಜ ಇನ್ನೊಬ್ಬರ ಬೆವರು ಮೈಗೆ ಹಚ್ಕೊಂಡೋರಲ್ಲ, ಅಷ್ಟು ಹೇಳ್ತೀನಿ."

ಬೋರಲಿಂಗಯ್ಯ ಚಂಗನೆ ಎದ್ದರು. "ಹಂಗಾರೆ ನಮ್ಮಜ್ಜ ಹಚ್ಕೊಂಡ್ರು ಅಂತೀರಾ?"

ಚಾವಡಿಗೆ ಹೋದ ಜೀವ ಬಂತು. ಜಮಾದಾರರೆಲ್ಲ ಒಟ್ಟಿಗೆ ಮಾತಾಡತೊಡಗಿದರು. ಕೋಟು ಒಂದೇ ಆದದ್ದು ಒಳ್ಳೆಯದೇ ಆಯಿತು, ಇಷ್ಟು ದಿನ ಬೇರೆ ಬೇರೆ ಕೋಟು ಅಂದುಕೊಂಡು ಹೋಲಿಸುವುದೇ ಕಷ್ಟವಾಗಿತ್ತು ಎಂದರು ಒಬ್ಬರು. ಯುದ್ಧಕ್ಕೆ ಹೋಗಿಲ್ಲದಿದ್ದರೆ ಏನಂತೆ, ಎಲ್ಲರೂ ಹೋಗಿದ್ದರೆ ಊರು ಯಾರು ನೋಡಿಕೊಳ್ಳುತ್ತಿದ್ದರು ಎಂದರು ಇನ್ನೊಬ್ಬರು. ತುಪ್ಪ ಕೊಟ್ಟು ಸ್ಟಾರು ಹಾಕಿಸಿಕೊಳ್ಳುವಷ್ಟು ಕರಾವು ಆ ಕಾಲದಲ್ಲಿ ಎಷ್ಟು ಮನೆಯಲ್ಲಿತ್ತು, ಅದೇ ಒಂದು ಪದವಿಯಲ್ಲವೇ ಎಂದು ಬಿಕ್ಕುತ್ತಿದ್ದ ಹವಾಲ್ದಾರರೂ ಕಣ್ಣೊರೆಸಿಕೊಂಡು ಸೇರಿಸಿದರು. ಇಲಿ ಕಡಿದ ಮೇಲೆ ಹಾಕಿಕೊಂಡವರು ಕಡಿಯುವ ಮೊದಲು ಹಾಕಿಕೊಂಡವರಿಗೆ ಸಮವಲ್ಲ ಎಂಬುದು, ಕಡಿಯುವ ಮೊದಲಿನ ಫೋಟೋ ಯಾರ ಮನೆಯಲ್ಲೂ ಇರಲಿಲ್ಲವಾದ್ದರಿಂದ, ಸರ್ವಾನುಮತವಾಯಿತು. ಗುಂಡಿ ಹೆಚ್ಚಿದ್ದರೆ ಮೊದಲು, ಕಡಿಮೆಯಿದ್ದರೆ ಆಮೇಲೆ. ಅಂದರೆ ಸೀಬಯ್ಯ ಇಷ್ಟು ವರ್ಷ ಕಟ್ಟಿದ ಸಾಲು ಒಂದು ಕೂದಲೂ ಕೊಂಕದೆ ಹಾಗೇ ನಿಂತಿತ್ತು. ನಮ್ಮ ತಾರೀಕುದಾರರ ವಿದ್ಯೆಯೆಂದರೆ ವಿದ್ಯೆ ಎಂದು ಯಾರೋ ಚಪ್ಪಾಳೆ ಹೊಡೆದರು, ಎಲ್ಲರೂ ಹೊಡೆದರು. ಜೀವಮಾನದಲ್ಲಿ ಸೀಬಯ್ಯನವರಿಗೆ ಸಿಕ್ಕ ಮೊದಲ ಚಪ್ಪಾಳೆ ಅದು. ಅಷ್ಟು ಕೆಟ್ಟ ಸದ್ದು ತಾನು ಯಾವತ್ತೂ ಕೇಳಿರಲಿಲ್ಲ ಎಂದು ಆಮೇಲೆ ಹೇಳಿದರು.

"ಆ ಕೋಟು ನಮ್ಮ ಕೆಂಚಿ ತಾತನ್ದು" ಎಂದರು ಸೀಬಯ್ಯ, ಕೊನೆಯ ಆಸೆಯಿಂದ. "ಹೊಲ್ದೋರೂ ಅವ್ರ ಮನೆಯೋರೇ. ಅವಳಿಗೆ ಒಂದು ಸರದಿ ಬ್ಯಾಡ್ವಾ?"

"ಇರ್ಬೋದು" ಎಂದರು ಪಂಚಾಕ್ಷರಪ್ಪ ಸಮಾಧಾನದಿಂದ. "ಫೋಟೋ ಎಲ್ಲೈತೆ?"

ಫೋಟೋ ಇರಲಿಲ್ಲ. ಎಲ್ಲರ ಫೋಟೋ ತೆಗೆದವರು ತಮ್ಮದೊಂದು ತೆಗೆದುಕೊಂಡಿರಲಿಲ್ಲ.

ಅಷ್ಟು ಹೊತ್ತಿಗೆ ಶಾಲೆಯಿಂದ ಕಾಂಪೌಂಡರು ಬೆವರೊರೆಸಿಕೊಳ್ಳುತ್ತಾ ಬಂದ. ಡಾಕ್ಟರು ಬೆಳಿಗ್ಗೆಯಿಂದ ಸೂಜಿ ಕತ್ತರಿ ಕುದಿಸಿಕೊಂಡು ಕೂತಿದ್ದಾರೆ, ಒಬ್ಬರೂ ಬಂದಿಲ್ಲ, ಸಂಜೆ ಬಸ್ಸಿಗೆ ಹೋಗಲೇಬೇಕು, ಬರುವವರು ಬನ್ನಿ ಎಂದ. ಮೊದಲನೆಯವರು ಯಾರೆಂದು ಗೊತ್ತಾಗದೆ ಎರಡನೆಯವರು ಹೇಗೆ ಬರುತ್ತಾರೆ, ಕಾಯಲು ಹೇಳು ಎಂದು ಅವನನ್ನು ಕಳಿಸಿಬಿಟ್ಟರು. ಪಂಚಾಕ್ಷರಪ್ಪ ಸೀಬಯ್ಯನವರ ಕಡೆ ತಿರುಗಿದರು.

"ಒಂದೇ ಮಾತ್ನಲ್ಲಿ ಹೇಳ್ಬಿಡಿ ಸೀಬಯ್ಯ. ಯಾರು ಮೊದ್ಲು?"

ಸೀಬಯ್ಯನವರಿಗೆ ಅದು ಗೊತ್ತಿತ್ತು. ನಿನ್ನೆ ಮಧ್ಯಾಹ್ನವೇ ಗೊತ್ತಾಗಿತ್ತು. ಒಂದು ಫೋಟೋದಲ್ಲಿ ಕೊನೆಯ ಗುಂಡಿಯ ದಾರ ಬಿಗಿಯಾಗಿದೆ, ಇನ್ನೊಂದರಲ್ಲಿ ಸಡಿಲವಾಗಿ ಗುಂಡಿ ವಾಲಿದೆ. ಹೇಳಲು ಬಾಯಿ ತೆರೆದರು. ತೆರೆದ ಬಾಯಿ ಹಾಗೇ ನಿಂತಿತು. ಇಡೀ ಊರು ಚಾವಡಿಯೊಳಗೆ ಕೂತಿದೆ, ತಾನು ಹೇಳುವವರೆಗೆ ಒಬ್ಬರೂ ಏಳುವುದಿಲ್ಲ, ಶಾಲೆಯಲ್ಲಿ ಡಾಕ್ಟರು ಖಾಲಿ ಕೂತಿದ್ದಾರೆ. ಬಾಗಿಲಾಚೆ ನಿಂತಿದ್ದ ನನ್ನ ಮುಖ ಅವರ ಕಣ್ಣಿಗೆ ಬಿತ್ತು.

"ಒಂದ್ ಮಾತ್ನಲ್ಲಿ ಹೇಳೋ ವಿಷ್ಯ ಅಲ್ಲ ಇದು" ಎಂದರು ನಿಧಾನವಾಗಿ. "ಸೂಕ್ಷ್ಮ ಐತೆ. ನಾಗವೇಣಿ, ಮನೇಗೋಗಿ ನನ್ನ ಭೂತಗನ್ನಡಿ ತಗೊಂಬಾರಮ್ಮ."

ಭೂತಗನ್ನಡಿ ಅವರ ಕೊರಳಲ್ಲೇ ತೂಗಾಡುತ್ತಿತ್ತು. ಅದು ಒಂದು ಗಳಿಗೆ ನನಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಾನು ಓಡಿದ ಹಾಗೆ ಹರೆಯದಲ್ಲೂ ಓಡಿರಲಿಲ್ಲ. ಹಿಂದಿನಿಂದ ಅವರ ದನಿ ಕೇಳಿಸುತ್ತಿತ್ತು, ಮೊದಲು ಗುಂಡಿಯ ತೂತಿನ ವಿಚಾರ ತೆಗೆದುಕೊಳ್ಳೋಣ ಎನ್ನುತ್ತಿದ್ದರು.

ಕೆಂಚಕ್ಕ ಮಡಿ ಸೀರೆ ಉಟ್ಟು ಜಗಲಿಯ ಮೇಲೆ ಕೂತಿದ್ದಳು. ಯಾಕೆ, ಏನು ಎನ್ನಲು ಬಿಡದೆ ಕೈ ಹಿಡಿದು ನಡೆಸಿಕೊಂಡು ಹೋದೆ. ದಾರಿಯಲ್ಲಿ ಬರಿಗೋಡೆ ಬೀದಿಯ ಬಾಗಿಲು ಬಾಗಿಲಿಗೂ ಕೂಗಿ ಹೇಳಿದೆ. ಶಾಲೆಯ ಹತ್ತಿರ ಬರುವಷ್ಟರಲ್ಲಿ ನಮ್ಮ ಹಿಂದೆ ಪೊರೆ ಬಂದ ಮುದುಕ ಮುದುಕಿಯರ ಒಂದು ದಂಡೇ ಇತ್ತು, ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟುಕೊಂಡು. ಡಾಕ್ಟರು ಗಡಿಯಾರ ನೋಡುತ್ತಿದ್ದರು. "ಮೊದಲನೆಯವರು ಯಾರು?" ಎಂದು ಕೇಳಿದರು. ಕೆಂಚಕ್ಕನಿಗೆ ಆ ಪ್ರಶ್ನೆ ಅರ್ಥವೇ ಆಗಲಿಲ್ಲ, ಯಾರನ್ನೋ ಕೇಳುತ್ತಿದ್ದಾರೆಂದು ಸುಮ್ಮನೆ ನಿಂತಿದ್ದಳು. ನಾನು ಅವಳ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ದೂಡಿದೆ.

ಅತ್ತ ಸೀಬಯ್ಯ ಮಾತಾಡುತ್ತಲೇ ಇದ್ದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ, ಸುಳ್ಳನ್ನೂ ಹೇಳಲಿಲ್ಲ, ಅನುಮಾನಗಳನ್ನು ಮಾತ್ರ ಎತ್ತಿದರು. ಗುಂಡಿಯ ತೂತು ಮೊದಲು ದೊಡ್ಡದಾಯಿತೋ, ಗುಂಡಿ ಮೊದಲು ಸಡಿಲವಾಯಿತೋ? ಇಲಿ ಒಂದೇ ದಿನ ಕಡಿಯಿತೋ, ಬಂದು ಬಂದು ಕಡಿಯಿತೋ? ಒಂದೊಂದು ಅನುಮಾನಕ್ಕೂ ಪಂಚಾಕ್ಷರಪ್ಪನವರ ಕಡೆಯವರು ಒಂದು ಅಂದರೆ ಬೋರಲಿಂಗಯ್ಯನವರ ಕಡೆಯವರು ಇನ್ನೊಂದು. ಊಟದ ಹೊತ್ತಾಯಿತು, ಯಾರು ಮೊದಲು ಎದ್ದು ಊಟಕ್ಕೆ ಹೋಗಬೇಕೆಂಬುದೂ ತೀರ್ಮಾನವಾಗಿರಲಿಲ್ಲವಾದ್ದರಿಂದ ಯಾರೂ ಏಳಲಿಲ್ಲ. ಬಸ್ಸಿನ ಹಾರನ್ನು ಕೇಳಿದ ಮೇಲೆ ಸೀಬಯ್ಯ ಕೂತರು. ಉಳಿದದ್ದನ್ನು ನಾಳೆ ನೋಡೋಣ ಎಂದರು.

ಆ ನಾಳೆ ಇನ್ನೂ ಮುಗಿದಿಲ್ಲ. ದಿನವೂ ಚಾವಡಿ ಸೇರುತ್ತದೆ, ದಿನವೂ ಸೀಬಯ್ಯ ಒಂದು ಅನುಮಾನ ತರುತ್ತಾರೆ. ತೀರ್ಪು ಬರುವವರೆಗೆ ಯಾರು ಯಾರಿಗಿಂತ ಮುಂದೆ ಎಂದು ಹೇಳುವಂತಿಲ್ಲವಾದ್ದರಿಂದ, ಸದ್ಯಕ್ಕೆ ಬಂದವರು ಬಂದಂತೆ ರೇಷನ್ ತೂಗಿಸಿಕೊಳ್ಳುತ್ತಿದ್ದಾರೆ. ಇದು ತಾತ್ಕಾಲಿಕ ಎಂದು ಪಂಚಾಕ್ಷರಪ್ಪ ಎಲ್ಲರಿಗೂ ಹೇಳುತ್ತಾರೆ, ನಮ್ಮ ಹಿಂದೆ ಚೀಲ ಹಿಡಿದು ನಿಂತುಕೊಂಡು.

ಕೆಂಚಕ್ಕನ ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಅವಳು ಮೊದಲು ಗಂಡನ ಮುಖ ನೋಡಿ, "ಇಷ್ಟು ಸೊರಗೋಗಿದೀರಲ್ರೀ" ಎಂದು ಅತ್ತಳು. ಬಿಸಿಲಿಗೆ ಕಣ್ಣು ಒಗ್ಗಿದ ಮೇಲೆ ತನ್ನಜ್ಜಿ ಹೊಲಿದ ಕೋಟು ನೋಡಬೇಕು, ಚಾವಡಿಗೆ ಕರೆದುಕೊಂಡು ಹೋಗು ಎಂದು ನನ್ನ ಬೆನ್ನುಬಿದ್ದಳು. ನಾವು ಹೋದಾಗ ಒಳಗೆ ಜೋರು ವಾದ ನಡೆದಿತ್ತು. ಬರಿಗೋಡೆಯವರು ಒಳಗೆ ಬಂದರೂ ಈಗ ತಡೆಯುವವರಿಲ್ಲ. ಅವಳು ನೆಟ್ಟಗೆ ಎರಡು ಗೋಡೆಗಳ ಹತ್ತಿರ ಹೋಗಿ ನಿಂತಳು. ಕೋಟು ನೋಡಿದಳು, ಹೊಲಿಗೆ ನೋಡಿ ನಕ್ಕಳು. ಆಮೇಲೆ ಅವಳ ನಗು ನಿಂತಿತು. ಮುಖವನ್ನು ಫೋಟೋಗೆ ಹತ್ತಿರ ತಂದಳು.

"ಏನ್ರೀ, ಬನ್ನಿ ಇಲ್ಲಿ" ಎಂದು ಮೆಲ್ಲಗೆ ಕರೆದಳು. "ಇದ್ಯಾಕೆ ನೀವು ಹೇಳ್ಲೇ ಇಲ್ಲ?"

ಸುಬೇದಾರರ ಹೆಗಲಿನ ಹಿಂದೆ, ಫೋಟೋ ಅಂಗಡಿಯ ಪರದೆಯ ಅಂಚಿನಲ್ಲಿ, ಅವಳು ಬೆರಳಿಟ್ಟು ತೋರಿಸಿದ ಕಡೆ ಸೀಬಯ್ಯ ಭೂತಗನ್ನಡಿ ಹಿಡಿದರು. ಅಲ್ಲೊಂದು ಕಲೆಯಿದೆ ಎಂದು ಅವರಿಗೆ ಗೊತ್ತಿತ್ತು. ಎಲ್ಲ ಮನೆಯ ಫೋಟೋದಲ್ಲೂ ಅದಿತ್ತು. ಪಟ್ಟಿಯಲ್ಲ, ಸ್ಟಾರಲ್ಲ, ಗುಂಡಿಯಲ್ಲ ಎಂದು ಅವರಾಗಲಿ ಅವರ ತಂದೆಯಾಗಲಿ ಅದನ್ನು ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ. ಅದು ನಾಲ್ಕು ಬೆರಳು. ಹೆಂಗಸಿನ ಕೈ, ಮಣಿಕಟ್ಟಿನಲ್ಲಿ ಒಂದು ಗಾಜಿನ ಬಳೆ, ಕಿರುಬೆರಳು ಸೊಟ್ಟ. ಪರದೆಯ ಹಿಂದೆ ನಿಂತು ದೊಗಳೆ ಕೋಟನ್ನು ಹಿಂದಕ್ಕೆ ಬಿಗಿಯಾಗಿ ಹಿಡಿದುಕೊಂಡಿದೆ. ಪಕ್ಕದ ಗೋಡೆಯ ಫೋಟೋದಲ್ಲೂ ಅದೇ ಕೈ.

"ಬಾಗ್ಲಿಗೆ ಸಿಕ್ಕಿ ಸೊಟ್ಟಾಗಿತ್ತು ಈ ಬೆರಳು" ಎಂದಳು ಕೆಂಚಕ್ಕ. "ಅಜ್ಜಿ ಇದೇ ಕೈಯಲ್ಲಿ ನಂಗೆ ತಲೆ ಬಾಚ್ತಿದ್ರು." ಅವಳ ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು, ಹೊಸ ಕಣ್ಣು, ಒರೆಸಬಾರದೆಂದು ಡಾಕ್ಟರು ಹೇಳಿದ್ದರಿಂದ ಹಾಗೇ ಬಿಟ್ಟಿದ್ದಳು.

ಸೀಬಯ್ಯ ಭೂತಗನ್ನಡಿಯನ್ನು ಒಂದು ಫೋಟೋದಿಂದ ಇನ್ನೊಂದಕ್ಕೆ ಸರಿಸಿದರು. ನನ್ನಂಥವಳಿಗೇ ಅರ್ಥವಾದದ್ದು ತಾರೀಕುದಾರರಿಗೆ ಅರ್ಥವಾಗದೆ ಇರುತ್ತದೆಯೇ? ಫೋಟೋ ಎಲ್ಲಿ ಎಂದು ಕೇಳಿದ್ದರಲ್ಲ, ಇಲ್ಲಿದೆ. ಒಂದು ಮನೆಯಲ್ಲಲ್ಲ, ಎಲ್ಲ ಮನೆಯಲ್ಲೂ ಇದೆ, ಐದು ಗುಂಡಿ ಇದ್ದಾಗಲೂ ಇದೆ. ಒಂದು ಮಾತು ಹೇಳಿದರೆ ಸಾಕು, ಊರಿನ ಕಟ್ಟಳೆಯ ಪ್ರಕಾರವೇ ಕೆಂಚಕ್ಕ ಸುಬೇದಾರರಿಗಿಂತ ಮುಂದೆ. ಅವಳ ಹಿಂದೆ ಈ ಇಬ್ಬರು ಸುಬೇದಾರರಲ್ಲಿ ಯಾರಾದರೊಬ್ಬರು, ಅವರ ಹಿಂದೆ ಜಮಾದಾರರು, ಹವಾಲ್ದಾರರು, ಇಡೀ ಸಾಲು ಮತ್ತೆ ಎದ್ದು ನಿಲ್ಲುತ್ತದೆ, ಕಟ್ಟಕಡೆಯಲ್ಲಿ ನಮ್ಮ ಬೀದಿ. ಸೀಬಯ್ಯ ಹೆಂಡತಿಯ ಮುಖ ನೋಡಿದರು. ಅವಳು ನನ್ನನ್ನು ನೋಡಿದಳು, ಬಾಗಿಲ ಒಳಗೆ ಆರಾಮಾಗಿ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ನಮ್ಮ ಬೀದಿಯ ಮುದುಕಿಯರನ್ನು ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿ, ಬೇಡ ಎಂದು ತಲೆಯಾಡಿಸಿದಳು.

"ಏನು ಕಂಡಿತು ಸೀಬಯ್ಯ? ಯಾರು ಮೊದ್ಲು?" ಎಂದು ಹಿಂದಿನಿಂದ ಪಂಚಾಕ್ಷರಪ್ಪ ಕೇಳಿದರು.

ಸೀಬಯ್ಯ ಭೂತಗನ್ನಡಿಯನ್ನು ಅಂಗಿಯ ಒಳಗೆ ಇಳಿಬಿಟ್ಟುಕೊಂಡರು. "ಏನೂ ಸರಿಯಾಗಿ ಕಾಣ್ತಿಲ್ಲ ಬುದ್ಧಿ. ಬೆಳಕು ಸಾಲ್ದು, ನಾಳೆ ನೋಡಾನ" ಎಂದು ಹೆಂಡತಿಯ ಕೈ ಹಿಡಿದು ಹೊರಟರು. ಹೊರಗೆ ಮಟಮಟ ಮಧ್ಯಾಹ್ನದ ಬಿಸಿಲಿತ್ತು.